‘ಗಡ್ಡೆಗೆ ಮಾತ್ರ ಹೋಗೋ ಔಷಧಿ’ ಅಂತ ನಂಬಿದ್ದ ಮನೆ: ಲೈಪೋಸೋಮಲ್ ಡಾಕ್ಸೊರುಬಿಸಿನ್‌ನ ಒಂದು ಪ್ರಕರಣ

ಪೇಷೆಂಟ್ ಮೂಡಿಗೆರೆ ಕಡೆಯ ಹೆಂಗಸು, ವಯಸ್ಸು 56, ಎರಡೂವರೆ ಎಕರೆ ಕಾಫಿ ತೋಟ ಇದೆ, ತೋಟದ ಕೆಲಸ ಎಲ್ಲಾ ಅವರೂ ಅವರ ಯಜಮಾನ್ರೂ ಸೇರಿ ಮಾಡ್ಕೊಳೋದು, ಮಗ ಬೆಂಗಳೂರಲ್ಲಿ ಕೆಲಸದಲ್ಲಿದಾನೆ. ಅಂಡಾಶಯದ ಕ್ಯಾನ್ಸರ್, ಗೊತ್ತಾದಾಗಲೇ ಮೂರನೇ ಸ್ಟೇಜ್. ಆಪರೇಷನ್ ಆಯ್ತು, ಆಮೇಲೆ ಕಾರ್ಬೋಪ್ಲಾಟಿನ್ (ಪ್ಲಾಟಿನಂ ಇರೋ ಔಷಧಿ) ಮತ್ತೆ ಪ್ಯಾಕ್ಲಿಟಾಕ್ಸೆಲ್ ಕೀಮೋ ಆರು ಸೈಕಲ್ ಆಯ್ತು, ಮೇ ತಿಂಗಳಲ್ಲಿ ಮುಗೀತು, ಸ್ಕ್ಯಾನ್ ಕ್ಲೀನ್ ಇತ್ತು. ದಸರಾ ಕಳೀತಿದ್ದ ಹಾಗೆ ಹೊಟ್ಟೆ ಉಬ್ಬರ ಶುರುವಾಗಿ ರಕ್ತದಲ್ಲಿ ಈ ಕ್ಯಾನ್ಸರ್‌ನ ಸುಳಿವು ಕೊಡೋ ಸಿಎ-125 ಏರಿತ್ತು, ಸಿಟಿಯಲ್ಲಿ ಗಡ್ಡೆ ಮತ್ತೆ ಕಾಣಿಸ್ತು. ಪ್ಲಾಟಿನಂ ಮುಗಿದು ಆರು ತಿಂಗಳೊಳಗೆ ವಾಪಸ್ ಬಂದ್ರೆ ಅದೇ ಔಷಧಿನ ಮತ್ತೆ ಕೊಟ್ಟು ಪ್ರಯೋಜನ ಕಮ್ಮಿ, ಹಂಗಾಗಿ ಡಾಕ್ಟ್ರು ಪೆಗಿಲೇಟೆಡ್ ಲೈಪೋಸೋಮಲ್ ಡಾಕ್ಸೊರುಬಿಸಿನ್ ಬರೆದ್ರು. ಒಂದು ಚದರ ಮೀಟರ್ ಮೈಗೆ 40 ಮಿಲಿಗ್ರಾಂ ಲೆಕ್ಕ, ಅವರ ಮೈ ಅಳತೆ ಒಂದೂವರೆ ಚದರ ಮೀಟರ್, ಒಟ್ಟು 60 ಮಿಲಿಗ್ರಾಂ, ನಾಲ್ಕು ವಾರಕ್ಕೊಂದು ಸಲ. ನಾನು ಹಾಸನದಲ್ಲಿ ಅವರು ಬರ್ತಿದ್ದ ಕೀಮೋ ಡೇಕೇರ್‌ನಲ್ಲಿ ಫಾರ್ಮಸಿಸ್ಟ್, ಔಷಧಿ ಕಲಸಿ ಕೊಡೋದು, ಮನೆಗೆ ಹೋಗೋ ಮುಂಚೆ ಕೂರಿಸ್ಕೊಂಡು ಹೇಳಿ ಕಳಿಸೋದು ನನ್ನ ಕೆಲಸ. ಗುರುತು ಸಿಗೋ ವಿವರ ಬಿಟ್ಟಿದೀನಿ.

ಈ ಕೇಸ್ ಬರೀತಿರೋದಕ್ಕೆ ಕಾರಣ ಇದು. ಮೊದಲನೇ ಡೋಸ್‌ಗೆ ಬರೋ ಮುಂಚೆನೇ ಮಗನ ಫೋನಿಗೆ ಯಾರೋ ಒಂದು ವಿಡಿಯೋ ಕಳಿಸಿದ್ರು, ನ್ಯಾನೋ ಮೆಡಿಸಿನ್ ಅಂದ್ರೆ ಸೀದಾ ಕ್ಯಾನ್ಸರ್ ಕೋಶ ಹುಡುಕಿಕೊಂಡು ಹೋಗಿ ಒಳಗೆ ನುಗ್ಗಿ ಅಲ್ಲೇ ಔಷಧಿ ಬಿಡುತ್ತೆ, ಒಳ್ಳೆ ಕೋಶಕ್ಕೆ ಏನೂ ಆಗಲ್ಲ, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ ಅಂತ. ಮಗ ಅದನ್ನ ಅಮ್ಮನಿಗೆ ತೋರಿಸಿ ಧೈರ್ಯ ತುಂಬಿದ್ದ. ತಾಯಿ ಹೆದರಬಾರದು ಅನ್ನೋ ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ಆ ನಂಬಿಕೆ ಮುಂದೆ ಆ ಅಮ್ಮನಿಗೆ ಎಷ್ಟು ನೋವು ಕೊಡ್ತು ಅನ್ನೋದೇ ಈ ಪ್ರಕರಣ.

ಮೊದಲು ಬಾಟ್ಲಿಯೊಳಗೆ ಇರೋದೇನು ಅಂತ ಹೇಳ್ಬಿಡ್ತೀನಿ. ಡಾಕ್ಸೊರುಬಿಸಿನ್ ಹಳೇ ಔಷಧಿ, ಕೆಂಪು ಬಣ್ಣ, ಕೋಶದ ಡಿಎನ್‌ಎ ಎಳೆಗಳ ನಡುವೆ ಸೇರ್ಕೊಂಡು ಟೋಪೋಐಸೋಮರೇಸ್ 2 ಅನ್ನೋ ಕಿಣ್ವದ ಕೆಲಸ ಕೆಡಿಸುತ್ತೆ. ಕ್ಯಾನ್ಸರ್‌ಗೆ ಗಟ್ಟಿ ಔಷಧಿನೇ, ಆದ್ರೆ ಹೃದಯದ ಸ್ನಾಯುಗೂ ಅಷ್ಟೇ ಗಟ್ಟಿ ಪೆಟ್ಟು, ಅದಕ್ಕೇ ಜೀವಮಾನಕ್ಕೆ ಚದರ ಮೀಟರಿಗೆ ಒಟ್ಟು 450ರಿಂದ 550 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇಟ್ಟಿರೋದು. ಇದನ್ನ ಕೊಬ್ಬಿನ ಪೊರೆಯ ಸಣ್ಣ ಗುಳ್ಳೆಯೊಳಗೆ ತುಂಬಿದ್ರೆ ಲೈಪೋಸೋಮ್. ಇಂಥ ಗುಳ್ಳೆಗಳನ್ನ 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗ್‌ಹ್ಯಾಮ್ ವಿವರಿಸಿದ್ರು, ಅದನ್ನ ಔಷಧಿ ಮಟ್ಟಕ್ಕೆ ತಂದಿದ್ದು ಜೆರುಸಲೇಮಿನ ಬಾರೆನ್‌ಹೋಲ್ಜ್ ಮತ್ತೆ ಗಬಿಜೋನ್, 1995ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡಾಕ್ಸಿಲ್ ಅನ್ನೋ ಹೆಸರಲ್ಲಿ ಒಪ್ಪಿಗೆ ಕೊಡ್ತು. ನಮ್ಮ ದೇಶದಲ್ಲೂ ತಯಾರಾಗುತ್ತೆ, 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಸಿಗದೇ ಪರದಾಡುವಾಗ ಸನ್ ಫಾರ್ಮಾದ ಲಿಪೋಡಾಕ್ಸ್ ತರಿಸ್ಕೊಳ್ಳೋಕೆ ಎಫ್‌ಡಿಎನೇ ಅನುಮತಿ ಕೊಟ್ಟಿತ್ತು.

ಗುಳ್ಳೆಯ ಅಡ್ಡಳತೆ ಸುಮಾರು 80ರಿಂದ 100 ನ್ಯಾನೋಮೀಟರ್. ಒಂದು ಮಿಲಿಮೀಟರ್‌ನ 10 ಲಕ್ಷ ಭಾಗ ಮಾಡಿದ್ರೆ ಒಂದು ನ್ಯಾನೋಮೀಟರ್. ಇಷ್ಟು ಸಣ್ಣ ಗುಳ್ಳೆಯೊಳಗೆ ಸಾವಿರಗಟ್ಟಲೆ ಔಷಧಿ ಕಣ ಹಿಡಿಸ್ತಾರೆ, ಒಳಗೆ ಮೊದಲೇ ಅಮೋನಿಯಂ ಸಲ್ಫೇಟ್ ಇಟ್ಟಿರ್ತಾರೆ, ಔಷಧಿ ಪೊರೆ ದಾಟಿ ಒಳಗೆ ಹೋದ್ಮೇಲೆ ಸಲ್ಫೇಟ್ ಜೊತೆ ಹರಳುಗಟ್ಟಿ ಕೂತ್ಬಿಡುತ್ತೆ, ಹೊರಗೆ ಬರಕ್ಕಾಗಲ್ಲ. ನನಗೆ ಇದು ಯಾವತ್ತೂ ಬಹಳ ಇಷ್ಟವಾದ ಕೆಮಿಸ್ಟ್ರಿ. ಗುಳ್ಳೆಯ ಮೈಮೇಲೆ ಪಾಲಿಎಥಿಲೀನ್ ಗ್ಲೈಕಾಲ್, ಅಂದ್ರೆ ಪೆಗ್ ಅನ್ನೋ ಎಳೆಗಳು, ರಕ್ತದ ಪ್ರೋಟೀನ್‌ಗಳು ಬೇಗ ಅಂಟದ ಹಾಗೆ, ಲಿವರ್ ಮತ್ತೆ ಗುಲ್ಮದಲ್ಲಿರೋ ಮ್ಯಾಕ್ರೋಫೇಜ್ ಕೋಶಗಳು ಬೇಗ ನುಂಗದ ಹಾಗೆ. ಇದರಿಂದ ಔಷಧಿ ರಕ್ತದಲ್ಲಿ ದಿನಗಟ್ಟಲೆ ಸುತ್ತುತ್ತೆ, ಅರ್ಧ ಆಗೋಕೆ ಸುಮಾರು 55 ಗಂಟೆ. ಬರೀ ಡಾಕ್ಸೊರುಬಿಸಿನ್ ಆಗಿದ್ರೆ ನಿಮಿಷಗಳಲ್ಲೇ ರಕ್ತ ಬಿಟ್ಟು ಅಂಗಾಂಗಕ್ಕೆಲ್ಲ ಹರಡಿಬಿಡುತ್ತೆ. ಈ 55 ಗಂಟೆನ ನೆನಪಿಟ್ಕೊಳ್ಳಿ, ಒಳ್ಳೇದೂ ಕೆಟ್ಟದ್ದೂ ಎರಡೂ ಅಲ್ಲಿಂದಲೇ ಬರೋದು.

ಕಲಸೋವಾಗ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಮಾತ್ರ, ಸಲೈನ್ ಹಾಕಂಗಿಲ್ಲ, ಡ್ರಿಪ್ ಲೈನಲ್ಲಿ ಫಿಲ್ಟರ್ ಹಾಕಂಗಿಲ್ಲ, 2ರಿಂದ 8 ಡಿಗ್ರಿ ಫ್ರಿಜ್ಜಲ್ಲಿ ಇಡಬೇಕು ಆದ್ರೆ ಗಟ್ಟಿಯಾಗಿ ಹೆಪ್ಪುಗಟ್ಟಬಾರದು. ಇನ್ನೊಂದು, ಇದನ್ನ ಮಾಮೂಲಿ ಡಾಕ್ಸೊರುಬಿಸಿನ್ ಜೊತೆ ಯಾವ ಕಾರಣಕ್ಕೂ ಅದಲು ಬದಲು ಮಾಡಬಾರದು, ಡೋಸೂ ಬೇರೆ, ದೇಹದೊಳಗೆ ನಡೆಯೋ ದಾರಿಯೂ ಬೇರೆ.

ನವೆಂಬರ್‌ನಲ್ಲಿ ಮೊದಲನೇ ಡೋಸ್. ಹೃದಯದ ಎಕೋ ಮಾಡಿಸಿದ್ದು ನಾರ್ಮಲ್ ಇತ್ತು. ನಿಮಿಷಕ್ಕೆ 1 ಮಿಲಿಗ್ರಾಂ ಲೆಕ್ಕದಲ್ಲಿ ನಿಧಾನಕ್ಕೆ ಶುರು ಮಾಡಿದ್ವಿ. ಹತ್ತು ನಿಮಿಷ ಕಳೆಯೋದರೊಳಗೆ ಮುಖ ಕೆಂಪಾಯ್ತು, ಎದೆ ಬಿಗಿ ಹಿಡಿದಂಗೆ ಆಗ್ತಿದೆ, ಸೊಂಟ ನೋಯ್ತಿದೆ ಅಂದ್ರು. ಸಿಸ್ಟರ್ ತಕ್ಷಣ ಡ್ರಿಪ್ ನಿಲ್ಲಿಸಿದ್ರು, ಡಾಕ್ಟ್ರು ಬಂದ್ರು, ರಿಯಾಕ್ಷನ್ ತಗ್ಗಿಸೋ ಹೈಡ್ರೋಕಾರ್ಟಿಸೋನ್, ಏವಿಲ್, ಜೊತೆಗೆ ಆಕ್ಸಿಜನ್ ಕೊಟ್ರು. ಸ್ವಲ್ಪ ಹೊತ್ತಲ್ಲಿ ಸರಿ ಹೋಯ್ತು, ಆಮೇಲೆ ಇನ್ನೂ ನಿಧಾನ ಮಾಡಿ, ಒಟ್ಟು ಡೋಸಿನ 5 ಪರ್ಸೆಂಟ್ ಮೊದಲ 15 ನಿಮಿಷದಲ್ಲಿ, ಆಮೇಲಿನ 15 ನಿಮಿಷ ಅದರ ಎರಡರಷ್ಟು ವೇಗ, ಉಳಿದಿದ್ದು ಒಂದು ಗಂಟೆಯಲ್ಲಿ, ಹಿಂಗೆ ಮುಗಿಸಿದ್ವಿ, ಮತ್ತೆ ಏನೂ ಆಗಲಿಲ್ಲ. ಯಜಮಾನ್ರು ಹೆದರಿಬಿಟ್ಟಿದ್ರು, ‘ಅಲರ್ಜಿ ಏನಮ್ಮಾ, ಮುಂದಿನ ಸಲ ಕೊಡಬೇಡಿ ಅಂತ ಹೇಳ್ಲಾ’ ಅಂತ ಕೇಳಿದ್ರು. ಮಾಮೂಲಿ ಅಲರ್ಜಿ ಆಗಿದ್ರೆ ದೇಹ ಆ ವಸ್ತುವನ್ನ ಮುಂಚೆ ಒಂದು ಸಲ ನೋಡಿರಬೇಕು, ಇದು ಮೊದಲನೇ ಡೋಸಿಗೇ ಬರುತ್ತೆ, ಎರಡನೇದಕ್ಕೆ ಎಷ್ಟೋ ಜನಕ್ಕೆ ಬರೋದೇ ಇಲ್ಲ. ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಅನ್ನೋ ಕಾವಲು ಪ್ರೋಟೀನ್‌ಗಳಿವೆ, ವೈರಸ್ ಗಾತ್ರದ ಕಣ ಒಟ್ಟಿಗೆ ಲಕ್ಷಾಂತರ ಬಂದಾಗ ಅವು ಎಚ್ಚೆತ್ತು ಗಲಾಟೆ ಎಬ್ಬಿಸ್ತವೆ, ಕೆಲವರ ರಕ್ತದಲ್ಲಿ ಪೆಗ್ ವಿರುದ್ಧ ಆಂಟಿಬಾಡಿ ಮೊದಲೇ ಇರೋದೂ ಉಂಟು. ಔಷಧಿಯ ಲೇಬಲ್ ಪ್ರಕಾರ ಗಡ್ಡೆ ಕ್ಯಾನ್ಸರ್ ಇರೋರಲ್ಲಿ ನೂರಕ್ಕೆ 11 ಜನಕ್ಕೆ ಹೀಗಾಗಿದೆ. ಅಂದ್ರೆ ನ್ಯಾನೋ ಕಣದ ಮೊದಲ ಅಪಾಯ ಒಳಗಿನ ಔಷಧಿಯಿಂದ ಅಲ್ಲ, ಅದನ್ನ ಹೊತ್ತು ತರೋ ಗುಳ್ಳೆಯಿಂದಲೇ. ನಿಧಾನಕ್ಕೆ ಶುರು ಮಾಡೋದೇ ಇದಕ್ಕೆ ಇರೋ ದೊಡ್ಡ ರಕ್ಷಣೆ.

ಅವತ್ತು ಮಗ ಪಕ್ಕದಲ್ಲಿ ಕೂತು ಒಳ್ಳೊಳ್ಳೆ ಪ್ರಶ್ನೆ ಕೇಳಿದ. ‘ಮೇಡಂ, ಇದು ಗಡ್ಡೆ ಎಲ್ಲಿದೆ ಅಂತ ಹೆಂಗೆ ಕಂಡುಹಿಡಿಯುತ್ತೆ?’ ಕಂಡುಹಿಡಿಯಲ್ಲ ಕಣಪ್ಪಾ ಅಂದೆ. ಗಡ್ಡೆ ಅರ್ಜೆಂಟಲ್ಲಿ ಬೆಳೆಯುತ್ತೆ, ಅದರ ರಕ್ತನಾಳಗಳೂ ಸರಿಯಾಗಿ ಕಟ್ಟಿರಲ್ಲ, ಗೋಡೆಯಲ್ಲಿ ಸಂದುಗಳಿರ್ತವೆ, ಒಳಗೆ ಹೋಗಿದ್ದನ್ನ ಹೊರಗೆ ಹರಿಸೋ ಲಿಂಫ್ ನಾಳಗಳೂ ಸರಿಯಿರಲ್ಲ, ಹಂಗಾಗಿ ರಕ್ತದಲ್ಲಿ ಬಹಳ ಹೊತ್ತು ಸುತ್ತೋ ದೊಡ್ಡ ಕಣಗಳು ಅಲ್ಲಿ ಸೋರಿ ಉಳ್ಕೊತವೆ. 1986ರಲ್ಲಿ ಜಪಾನಿನ ಮತ್ಸುಮುರಾ ಮತ್ತೆ ಮಾಯೆದಾ ಇದನ್ನ ತೋರಿಸಿದ್ರು, ಇಡೀ ಕ್ಷೇತ್ರ ಬಹಳ ವರ್ಷ ಇದರ ಮೇಲೇ ನಿಂತಿತ್ತು. ಆದ್ರೆ 2016ರಲ್ಲಿ ಟೊರೊಂಟೋದ ವಾರೆನ್ ಚಾನ್ ಅವರ ತಂಡ ಹತ್ತು ವರ್ಷದ ಪೇಪರ್‌ಗಳನ್ನ ಒಟ್ಟು ಹಾಕಿ ಲೆಕ್ಕ ಹಾಕಿದಾಗ ಸಿಕ್ಕಿದ್ದೇನು ಅಂದ್ರೆ ಇಲಿಗಳಿಗೆ ಕೊಟ್ಟ ನ್ಯಾನೋ ಕಣಗಳಲ್ಲಿ ಗಡ್ಡೆಗೆ ಮುಟ್ಟಿದ್ದು ಮಧ್ಯಮ ಲೆಕ್ಕದಲ್ಲಿ 0.7 ಪರ್ಸೆಂಟ್. ನೂರಲ್ಲಿ ಒಂದೂ ಇಲ್ಲ. 2020ರಲ್ಲಿ ಅದೇ ತಂಡ ಆ ಸಂದುಗಳ ಕತೆಯನ್ನೇ ಪ್ರಶ್ನೆ ಮಾಡ್ತು, ಗಡ್ಡೆಯ ರಕ್ತನಾಳಗಳಲ್ಲಿ ಸಂದುಗಳು ಬಹಳ ಅಪರೂಪ, ಒಳಗೆ ಹೋದ ಕಣಗಳಲ್ಲಿ 97 ಪರ್ಸೆಂಟ್‌ವರೆಗೂ ನಾಳದ ಗೋಡೆಯ ಕೋಶಗಳೇ ಒಂದು ಕಡೆ ನುಂಗಿ ಇನ್ನೊಂದು ಕಡೆ ಬಿಡೋದ್ರಿಂದ ದಾಟಿದ್ದು ಅಂತ ತೋರಿಸಿದ್ರು. ಮನುಷ್ಯರಲ್ಲೂ 2001ರಲ್ಲಿ ವಿಕಿರಣ ಗುರುತು ಹಾಕಿದ ಪೆಗ್ ಲೈಪೋಸೋಮ್ ಕೊಟ್ಟು ನೋಡಿದಾರೆ, 72 ಗಂಟೆಗೆ ಗಡ್ಡೆಯಲ್ಲಿ ಇದ್ದಿದ್ದು 0.5ರಿಂದ 3.5 ಪರ್ಸೆಂಟ್, ಅದೂ ಒಬ್ಬೊಬ್ಬರಿಗೆ ಒಂದೊಂದು ಥರ, ತಲೆ ಕುತ್ತಿಗೆ ಗಡ್ಡೆಯಲ್ಲಿ ಜಾಸ್ತಿ ಸೇರಿದ್ರೆ ಸ್ತನದ ಗಡ್ಡೆಯಲ್ಲಿ ಕಮ್ಮಿ. ಈ ಅಮ್ಮನ 60 ಮಿಲಿಗ್ರಾಂನಲ್ಲಿ ಅಷ್ಟೇ ಪಾಲು ಅಂತ ಇಟ್ಕೊಂಡ್ರೂ ಹೆಚ್ಚಂದ್ರೆ ಸುಮಾರು ಎರಡು ಮಿಲಿಗ್ರಾಂ.

ಇನ್ನು ಕೋಶದೊಳಗೆ ಹೋಗೋ ವಿಷಯ, ವಿಡಿಯೋದಲ್ಲಿ ಅತಿ ಹೆಚ್ಚು ತಪ್ಪಾಗಿ ತೋರಿಸೋದು ಇದನ್ನೇ. ಇಂಥ ನ್ಯಾನೋ ಕಣಗಳು ಸಾಮಾನ್ಯವಾಗಿ ಕೋಶದ ಪೊರೆಯನ್ನ ತೂತು ಮಾಡ್ಕೊಂಡು ನುಗ್ಗಲ್ಲ. ಕೋಶನೇ ಅದನ್ನ ಒಳಗೆ ಎಳ್ಕೋಬೇಕು. ಅದಕ್ಕೆ ಮೂರ್ನಾಲ್ಕು ದಾರಿ ಇವೆ. ಕ್ಲಾಥ್ರಿನ್ ಅನ್ನೋ ಪ್ರೋಟೀನ್ ಪೊರೆಯನ್ನ ಒಳಮುಖ ಗುಂಡಿ ಮಾಡಿ ಸುಮಾರು 100 ನ್ಯಾನೋಮೀಟರಿನ ಚೀಲವಾಗಿ ಕಿತ್ಕೊಳ್ಳೋದು ಒಂದು, ಇನ್ನೂ ಸಣ್ಣ, 50ರಿಂದ 80 ನ್ಯಾನೋಮೀಟರಿನ ಕೇವಿಯೋಲೇ ಗುಂಡಿಗಳು ಇನ್ನೊಂದು, ಹೊರಗಿನ ದ್ರವವನ್ನೇ ದೊಡ್ಡ ಗುಟುಕಾಗಿ ನುಂಗೋ ಮ್ಯಾಕ್ರೋಪಿನೋಸೈಟೋಸಿಸ್ ಮತ್ತೊಂದು. ಯಾವ ದಾರಿಯಾದ್ರೂ ಕಣ ಒಂದು ಚೀಲದೊಳಗೆ ಸಿಕ್ಕಿಬೀಳುತ್ತೆ, ಅದಕ್ಕೆ ಎಂಡೋಸೋಮ್ ಅಂತಾರೆ. ಅದು ಹುಳಿ ಆಗ್ತಾ ಹೋಗುತ್ತೆ, ಪಿಎಚ್ 6ರ ಆಸುಪಾಸಿನಿಂದ ಇಳೀತಾ ಲೈಸೋಸೋಮ್ ಆಗೋ ಹೊತ್ತಿಗೆ 4.5ರಿಂದ 5, ಜೊತೆಗೆ ಜೀರ್ಣ ಮಾಡೋ ಕಿಣ್ವಗಳು. ಚೀಲದಿಂದ ತಪ್ಪಿಸ್ಕೊಂಡು ಹೊರಬಂದ್ರೆ ಕೆಲಸ, ಇಲ್ಲಾಂದ್ರೆ ಅಲ್ಲೇ ಅರಗಿಹೋಗುತ್ತೆ. ಆರ್‌ಎನ್‌ಎ ಹೊತ್ತೊಯ್ಯೋ ಲಿಪಿಡ್ ಕಣಗಳಲ್ಲಿ ಹೀಗೆ ತಪ್ಪಿಸ್ಕೊಳ್ಳೋದು ಒಂದೆರಡು ಪರ್ಸೆಂಟ್ ಅಷ್ಟೇ ಅಂತ 2013ರಲ್ಲೇ ಅಳೆದಿದಾರೆ.

ನಮ್ಮ ಲೈಪೋಸೋಮಲ್ ಡಾಕ್ಸೊರುಬಿಸಿನ್ ವಿಷಯದಲ್ಲಿ ಇನ್ನೂ ಆಶ್ಚರ್ಯ. ಮೈಮೇಲಿನ ಪೆಗ್ ರಕ್ತದಲ್ಲಿ ಗುಳ್ಳೆಯನ್ನ ಕಾಪಾಡುತ್ತೆ ಸರಿ, ಆದ್ರೆ ಅದೇ ಪೆಗ್ ಕ್ಯಾನ್ಸರ್ ಕೋಶಕ್ಕೂ ಅಂಟಕ್ಕೆ ಬಿಡಲ್ಲ. ಹಂಗಾಗಿ ಗುಳ್ಳೆ ಇಡಿಯಾಗಿ ಕ್ಯಾನ್ಸರ್ ಕೋಶದೊಳಗೆ ಹೋಗೋದು ಕಮ್ಮಿ, ಹೆಚ್ಚಿನ ಭಾಗ ಗಡ್ಡೆಯೊಳಗೆ ಕೋಶಗಳ ಸುತ್ತಲಿನ ದ್ರವದಲ್ಲೇ ಉಳಿಯುತ್ತೆ, ಒಂದಷ್ಟನ್ನ ಗಡ್ಡೆಯೊಳಗಿರೋ ಮ್ಯಾಕ್ರೋಫೇಜ್‌ಗಳು ನುಂಗ್ತವೆ, ನಿಧಾನಕ್ಕೆ ಡಾಕ್ಸೊರುಬಿಸಿನ್ ಸೋರಿ ಹೊರಗೆ ಬಂದು, ಆ ಬಿಡಿ ಔಷಧಿ ತಾನಾಗೇ ಪೊರೆ ದಾಟಿ ಕೋಶಕೇಂದ್ರ ಸೇರುತ್ತೆ. ಕಾಫಿ ಮೂಟೆ ಹೊತ್ತ ಲಾರಿ ಕ್ಯೂರಿಂಗ್ ವರ್ಕ್ಸ್ ಗೇಟಿನ ಹೊರಗೇ ನಿಂತು ಲೋಡ್ ಇಳಿಸಿದಂಗೆ, ಒಳಗೆ ಹೋಗೋದು ಮೂಟೆ ಮಾತ್ರ, ಲಾರಿ ಅಲ್ಲ. ಈ ಮಾತು ಆ ಹುಡುಗನಿಗೆ ಥಟ್ ಅಂತ ಹಿಡೀತು. ಅಮೋನಿಯಾ ಈ ಸೋರಿಕೆಗೆ ಸಹಾಯ ಮಾಡುತ್ತೆ ಅಂತ ಬಾರೆನ್‌ಹೋಲ್ಜ್ ಅವರೇ ಆಮೇಲೆ ವಾದಿಸಿದಾರೆ, ಗಡ್ಡೆ ಕೋಶಗಳು ಗ್ಲುಟಮಿನ್ ಉರಿಸೋವಾಗ ಅದು ಹುಟ್ಟುತ್ತೆ.

‘ಹಂಗಾದ್ರೆ ಗುಳ್ಳೆಗೆ ಅಡ್ರೆಸ್ ಬರೆದು ಕಳಿಸಬಹುದಲ್ವಾ’ ಅಂದ. ಅಂದ್ರೆ ಕ್ಯಾನ್ಸರ್ ಕೋಶದ ಮೇಲಿನ ಗುರುತಿಗೆ ಅಂಟೋ ಆಂಟಿಬಾಡಿ ಹಚ್ಚಿ. ಹಚ್ಚಿ ನೋಡಿದಾರೆ. ಹರ್2 ಗುರುತಿಗೆ ಅಂಟೋ ಎಂಎಂ-302 ಅನ್ನೋ ಲೈಪೋಸೋಮಲ್ ಡಾಕ್ಸೊರುಬಿಸಿನ್ ಸ್ತನ ಕ್ಯಾನ್ಸರ್‌ನ ಟ್ರಯಲ್‌ನಲ್ಲಿ ಇತ್ತು, ಮಾಮೂಲಿ ಚಿಕಿತ್ಸೆಗಿಂತ ಮೇಲಾಗೋ ಲಕ್ಷಣ ಇಲ್ಲ ಅಂತ 2016ರಲ್ಲಿ ನಿಲ್ಲಿಸಿದ್ರು. ಯಾಕಂದ್ರೆ ಅಡ್ರೆಸ್ ಓದೋದು ಬಾಗಿಲಿಗೆ ಬಂದ ಮೇಲೆ, ಬಾಗಿಲ ತನಕ ಬರೋದು ರಕ್ತನಾಳದ ಕೈಲಿದೆ. ಜೊತೆಗೆ ರಕ್ತಕ್ಕೆ ಬಿದ್ದ ಕಣದ ಮೈಗೆ ರಕ್ತದ ಪ್ರೋಟೀನ್‌ಗಳು ಪದರ ಪದರ ಅಂಟ್ಕೊತವೆ, ನಾವು ಹಚ್ಚಿದ ಅಡ್ರೆಸ್ ಮುಚ್ಚಿಹೋಗಬಹುದು. ಅದೇ ಪದರ ಒಂದೊಂದು ಸಲ ಉಪಕಾರಕ್ಕೂ ಬರುತ್ತೆ, 2018ರಲ್ಲಿ ಒಪ್ಪಿಗೆ ಸಿಕ್ಕ ಪ್ಯಾಟಿಸಿರಾನ್ ಅನ್ನೋ ಆರ್‌ಎನ್‌ಎ ಔಷಧಿಯ ಕಣಕ್ಕೆ ರಕ್ತದ ಅಪೊಇ ಪ್ರೋಟೀನ್ ಅಂಟಿ ಅದನ್ನ ಸೀದಾ ಲಿವರ್ ಕೋಶಕ್ಕೆ ಒಯ್ಯುತ್ತೆ. ಲಿವರ್ ಗುರಿಯಾದಾಗ ಅದು ವರ, ಗಡ್ಡೆ ಗುರಿಯಾದಾಗ ಅದೇ ತೊಂದರೆ.

ಇಷ್ಟೆಲ್ಲಾ ಮಗನಿಗೆ ಹೇಳಿದೀನಿ, ಅವನು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದ. ಅಮ್ಮನಿಗೆ ಕನ್ನಡದಲ್ಲೇ ಬಾಯಿ ಮಾತಲ್ಲಿ ಹೇಳಿದ್ದು, ಅಂಗೈ ಅಂಗಾಲು ಉರಿ ಬಂದ್ರೆ ಫೋನ್ ಮಾಡಿ, ಬಾಯಿ ಹುಣ್ಣಾದ್ರೆ, ಜ್ವರ ಬಂದ್ರೆ ಬನ್ನಿ, ಮೂತ್ರ ಒಂದೆರಡು ದಿನ ಕೆಂಪಗೆ ಬರುತ್ತೆ ಅದು ರಕ್ತ ಅಲ್ಲ ಔಷಧಿ ಬಣ್ಣ ಅಂತ. ಕೈಗೆ ಕೊಟ್ಟ ಹಾಳೆ ಮಾತ್ರ ಕಂಪನಿಯ ಇಂಗ್ಲಿಷ್ ಹಾಳೆ. ಮಗ ಹೇಳಿದ ‘ಏನೂ ಆಗಲ್ಲಮ್ಮ’ ಅನ್ನೋದೇ ಅವರ ಮನಸ್ಸಲ್ಲಿ ಉಳಿದಿದ್ದು, ಉಳಿಯೋದೂ ಸಹಜನೇ.

ಡಿಸೆಂಬರ್‌ನಲ್ಲಿ ಎರಡನೇ ಡೋಸ್ ಸಲೀಸಾಗಿ ಹೋಯ್ತು. ಆಗ ಊರಲ್ಲಿ ಅರೇಬಿಕಾ ಕುಯ್ಲು ಜೋರು, ಆಳು ಸಿಗಲ್ಲ, ಹಣ್ಣು ಉದುರಿ ಹೋಗುತ್ತೆ ಅಂತ ಸೊಂಟಕ್ಕೆ ಚೀಲ ಕಟ್ಟಿ ಅವರೂ ಹಣ್ಣು ಕುಯ್ಯೋಕೆ ನಿಂತಿದಾರೆ. ಬೆಳಗ್ಗೆ ಬಿಸಿ ಹಿಟ್ಟು ನಾದಿ ಅಕ್ಕಿ ರೊಟ್ಟಿ ತಟ್ಟೋದು, ಸಂಜೆ ಮೈ ಕೈ ನೋವಿಗೆ ಹಂಡೆಯ ಸುಡು ಸುಡು ನೀರಿನ ಸ್ನಾನ. ಎರಡನೇ ವಾರಕ್ಕೆ ಅಂಗೈ ಕೆಂಪಾಗಿ ಜುಮುಗುಟ್ಟಿದೆ, ಕುಯ್ಲಿಂದ ಅಂದ್ಕೊಂಡಿದಾರೆ. ಚರ್ಮ ಸುಲಿದಿದೆ, ಕಾಫಿ ರಸ ತಾಗಿ ಅಂದ್ಕೊಂಡಿದಾರೆ. ಅರಿಶಿನ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ಕೊಂಡು ಮತ್ತೆ ಕುಯ್ದಿದಾರೆ. ಜನವರಿಯಲ್ಲಿ ಮೂರನೇ ಡೋಸಿಗೆ ಬೇಲೂರು ಮೇಲೆ ಬಸ್ಸಲ್ಲಿ ಬಂದಾಗ ಯಜಮಾನ್ರ ತೋಳು ಹಿಡ್ಕೊಂಡು ಹಿಮ್ಮಡಿ ಊರದೆ ನಡೀತಿದ್ರು. ಅಂಗಾಲಲ್ಲಿ ಬೊಬ್ಬೆ, ಬೆರಳ ಸಂದಿ ಒಡೆದು ಹಸಿ, ಅಂಗೈ ಊದಿ ಲೋಟ ಹಿಡಿಯಕ್ಕಾಗ್ತಿಲ್ಲ. ಗ್ರೇಡ್ 3, ಅಂದ್ರೆ ತೀವ್ರವಾದ ಹ್ಯಾಂಡ್ ಫುಟ್ ಸಿಂಡ್ರೋಮ್, ಕೀಮೋದಿಂದ ಅಂಗೈ ಅಂಗಾಲಿಗೆ ಬರೋ ತೊಂದರೆ. ಯಾಕಮ್ಮಾ ಫೋನ್ ಮಾಡಲಿಲ್ಲ ಅಂದ್ರೆ ‘ಈ ಔಷಧಿ ಗಡ್ಡೆಗೆ ಮಾತ್ರ ಹೋಗದಲ್ವಾ ಕಣವ್ವ, ಕೈಗೆ ಯಾಕ್ ಬತ್ತದೆ ಅಂದ್ಕಂಡೆ’ ಅಂದ್ರು.

ಕೈಗೆ ಯಾಕೆ ಬಂತು? ಆ 55 ಗಂಟೆ. ಗುಳ್ಳೆಗಳು ದಿನಗಟ್ಟಲೆ ರಕ್ತದಲ್ಲಿ ಸುತ್ತುವಾಗ ಎಲ್ಲೆಲ್ಲಿ ಒತ್ತಡ, ಉಜ್ಜಾಟ, ಬಿಸಿ ಇದೆಯೋ ಅಲ್ಲಿನ ಸಣ್ಣ ನಾಳಗಳಿಂದಲೂ ಸೋರ್ತವೆ. ಅಂಗೈ ಅಂಗಾಲಲ್ಲಿ ಬೆವರು ಗ್ರಂಥಿಗಳೂ ದಟ್ಟ, ಡಾಕ್ಸೊರುಬಿಸಿನ್ ಬೆವರಲ್ಲಿ ಹೊರಬಂದು ಚರ್ಮದ ಮೇಲಿನ ಪದರಕ್ಕೆ ಇಂಗುತ್ತೆ ಅಂತ ಅಳೆದು ತೋರಿಸಿದಾರೆ. ಗಡ್ಡೆಗೆ ಹೆಚ್ಚು ಹೊತ್ತು ಅವಕಾಶ ಮಾಡಿಕೊಡೋ ಗುಣವೇ ಕೈಗೂ ಅವಕಾಶ ಮಾಡಿಕೊಡ್ತು. ಅಂಡಾಶಯದ ಕ್ಯಾನ್ಸರ್‌ಗೆ ಚದರ ಮೀಟರಿಗೆ 50 ಮಿಲಿಗ್ರಾಂ ಡೋಸ್ ಕೊಟ್ಟ ಟ್ರಯಲ್‌ನಲ್ಲಿ ಅರ್ಧದಷ್ಟು ಜನಕ್ಕೆ ಇದು ಬಂದಿತ್ತು, ನೂರಕ್ಕೆ 24 ಜನಕ್ಕೆ ಗ್ರೇಡ್ 3 ಅಥವಾ 4, ಇದೊಂದು ಕಾರಣಕ್ಕೂ ಈಗ ಎಷ್ಟೋ ಕಡೆ 40ರಿಂದಲೇ ಶುರು ಮಾಡೋದು. ಸಾಮಾನ್ಯವಾಗಿ ಎರಡು ಮೂರು ಸೈಕಲ್ ಆದ್ಮೇಲೆ ಕಾಣಿಸ್ಕೊಳುತ್ತೆ, ಇವರದ್ದೂ ಹಾಗೇ.

ನ್ಯಾನೋ ಕ್ಯಾರಿಯರ್, ಅಂದ್ರೆ ಔಷಧಿ ಹೊತ್ತೊಯ್ಯೋ ಇಂಥ ಗುಳ್ಳೆ, ಅಪಾಯವನ್ನ ಅಳಿಸಲ್ಲ, ಜಾಗ ಬದಲಾಯಿಸುತ್ತೆ. ಇದನ್ನ ಒಪ್ಪದೇ ಇರೋಕೆ ಆಗದ ಹಾಗೆ ತೋರಿಸೋದು 2004ರಲ್ಲಿ ಬಂದ ಸ್ತನ ಕ್ಯಾನ್ಸರ್ ಟ್ರಯಲ್, 509 ಹೆಂಗಸರು, ಅರ್ಧ ಜನಕ್ಕೆ ಮಾಮೂಲಿ ಡಾಕ್ಸೊರುಬಿಸಿನ್, ಅರ್ಧ ಜನಕ್ಕೆ ಲೈಪೋಸೋಮಲ್. ರೋಗ ತಡೆದು ನಿಲ್ಲಿಸಿದ ಅವಧಿ ಮಾಮೂಲಿಯಲ್ಲಿ 7.8 ತಿಂಗಳು, ಲೈಪೋಸೋಮಲ್‌ನಲ್ಲಿ 6.9 ತಿಂಗಳು, ಲೆಕ್ಕದಲ್ಲಿ ಎರಡೂ ಒಂದೇ ಅಂತ. ಕೂದಲು ಉದುರಿದ್ದು ಮಾಮೂಲಿಯಲ್ಲಿ ನೂರಕ್ಕೆ 66, ಲೈಪೋಸೋಮಲ್‌ನಲ್ಲಿ 20. ಹೃದಯದ ತೊಂದರೆ ಮಾಮೂಲಿಯಲ್ಲಿ ಮೂರು ಪಟ್ಟು. ಕೈಕಾಲಿನ ತೊಂದರೆ ಮಾತ್ರ ಮಾಮೂಲಿಯಲ್ಲಿ 2, ಲೈಪೋಸೋಮಲ್‌ನಲ್ಲಿ 48. ಹೃದಯದ ಸಣ್ಣ ನಾಳಗಳ ಗೋಡೆ ಬಿಗಿ, ಗುಳ್ಳೆ ಅಲ್ಲಿ ಸುಲಭಕ್ಕೆ ದಾಟಲ್ಲ, ಅದಕ್ಕೇ ಹೃದಯ ಉಳ್ಕೊಳೋದು. ಅದೇನು ಸಣ್ಣ ಲಾಭ ಅಲ್ಲ. ಅಂಗೈ ವಾಸಿಯಾಗುತ್ತೆ, ಹೃದಯದ ಸ್ನಾಯು ಒಂದು ಸಲ ಸೋತರೆ ವಾಪಸ್ ಬರೋದು ಕಷ್ಟ. ಹಂಗಾಗಿ ಈ ಔಷಧಿ ಕೊಟ್ಟಿದ್ದೇ ತಪ್ಪು ಅಂತ ಯಾರೂ ಓದ್ಕೋಬೇಡಿ, ಸರಿಯಾದ ಆಯ್ಕೆನೇ. ಸುಳ್ಳು ಭರವಸೆ ಮಾತ್ರ ತಪ್ಪು.

ಆಮೇಲೆ ಮಾಡಿದ್ದು ಇಷ್ಟು. ಡೋಸ್ ಎರಡು ವಾರ ಮುಂದಕ್ಕೆ ಹಾಕಿದ್ರು. ಬೊಬ್ಬೆಗಳಿಗೆ ಡ್ರೆಸ್ಸಿಂಗ್, ಒಡೆದಿಲ್ಲದ ಕಡೆ ಯೂರಿಯಾ ಇರೋ ಕ್ರೀಮ್, ನೋವಿಗೆ ಮಾತ್ರೆ. ಚರ್ಮ ಕೂಡ್ಕೊಂಡ ಮೇಲೆ ಮೂರನೇ ಡೋಸ್ 25 ಪರ್ಸೆಂಟ್ ಇಳಿಸಿ, ಚದರ ಮೀಟರಿಗೆ 30ರ ಲೆಕ್ಕದಲ್ಲಿ 45 ಮಿಲಿಗ್ರಾಂ. ಡ್ರಿಪ್ ನಡೀವಾಗ ಮಣಿಕಟ್ಟು ಮತ್ತೆ ಪಾದದ ಗಂಟಿಗೆ ಬಟ್ಟೆ ಸುತ್ತಿದ ಐಸ್ ಪ್ಯಾಕ್ ಇಟ್ವಿ, ಸಣ್ಣ ಅಧ್ಯಯನಗಳಲ್ಲಿ ಉಪಯೋಗ ಕಂಡಿದೆ. ಯಾರೋ ಬಿ6 ಮಾತ್ರೆ ತಗೊಳ್ಳಿ ಅಂದಿದ್ರಂತೆ, ಈ ಔಷಧಿ ಜೊತೆ ಅದನ್ನ ಪರೀಕ್ಷೆ ಮಾಡಿ ನೋಡಿದಾಗ ಪ್ರಯೋಜನ ಸಿಕ್ಕಿಲ್ಲ, ಬೇಡ ಅಂದೆ. ಮನೆಯ ವಿಷಯದಲ್ಲಿ ಯಜಮಾನ್ರನ್ನ ಕೂರಿಸ್ಕೊಂಡು ಮಾತಾಡಿದ್ದೇ ಹೆಚ್ಚು ಕೆಲಸಕ್ಕೆ ಬಂತು. ಡೋಸ್ ಆದ ಒಂದು ವಾರ ಹಂಡೆ ನೀರು ಬೇಡ, ತಣ್ಣೀರು ಇಲ್ಲಾ ಉಗುರು ಬೆಚ್ಚಗೆ, ರೊಟ್ಟಿ ತಟ್ಟೋದು, ಪಾತ್ರೆ ಉಜ್ಜೋದು, ಒಲೆ ಮುಂದೆ ಕೂರೋದು ಬೇಡ, ಸಡಿಲವಾದ ಮೆತ್ತನೆ ಚಪ್ಪಲಿ, ಕುಯ್ಲು ಪೂರ್ತಿ ಬಂದ್. ‘ರೊಟ್ಟಿ ನಾನೇ ತಟ್ತೀನಿ ಬಿಡಿ ಮೇಡಂ, ಸೊಟ್ಟ ಆದ್ರೆ ಆಗ್ಲಿ’ ಅಂದ್ರು ಅವರು. ಕುಯ್ಲಿಗೆ ಪಕ್ಕದ ತೋಟದವರು ಮುಯ್ಯಾಳು ಲೆಕ್ಕದಲ್ಲಿ ಬಂದು ಮುಗಿಸಿ ಕೊಟ್ರು.

ಅಡ್ಡ ಪರಿಣಾಮದ ಫಾರಂ ತುಂಬಿ ಫಾರ್ಮಕೋವಿಜಿಲೆನ್ಸ್ ಪ್ರೋಗ್ರಾಮ್ ಆಫ್ ಇಂಡಿಯಾಗೆ ಕಳಿಸಿದ್ವಿ. ಬ್ಯಾಚ್ ನಂಬರ್ ಸಮೇತ, ಯಾಕಂದ್ರೆ ಲೈಪೋಸೋಮ್‌ನಲ್ಲಿ ಗಾತ್ರ, ಪೊರೆ, ಒಳಗಿನ ಹರಳು ಸ್ವಲ್ಪ ಆಚೆ ಈಚೆ ಆದ್ರೂ ದೇಹದಲ್ಲಿ ನಡವಳಿಕೆ ಬದಲಾಗಬಹುದು. 2019ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಹೊರತಂದ ನ್ಯಾನೋ ಔಷಧಿಗಳ ಮಾರ್ಗಸೂಚಿಯೂ ಇಂಥವನ್ನ ಮಾಮೂಲಿ ಔಷಧಿ ಥರ ನೋಡದೆ ಒಂದೊಂದನ್ನೂ ಬೇರೆಯಾಗೇ ಪರೀಕ್ಷೆ ಮಾಡಬೇಕು ಅನ್ನುತ್ತೆ. ಪೇಷೆಂಟ್‌ಗಳೇ ನೇರ 1800-180-3024ಕ್ಕೆ ಫೋನ್ ಮಾಡಿ ಹೇಳಬಹುದು, ದುಡ್ಡು ಬೀಳಲ್ಲ, ನಮ್ಮ ಹಾಸನ ಚಿಕ್ಕಮಗಳೂರು ಕಡೆ ಈ ನಂಬರ್ ಗೊತ್ತಿರೋರು ಬಹಳ ಕಮ್ಮಿ.

ನಾಲ್ಕನೇ ಡೋಸ್ ಆದ್ಮೇಲೆ ಸ್ಕ್ಯಾನ್ ಮಾಡಿದಾಗ ಗಡ್ಡೆ ಕರಗಿರಲಿಲ್ಲ, ಬೆಳೆದೂ ಇರಲಿಲ್ಲ, ಹೊಟ್ಟೆಯ ನೀರು ಕಮ್ಮಿಯಾಗಿತ್ತು. ಪ್ಲಾಟಿನಂ ಕೆಲಸ ಮಾಡದ ಹಂತದಲ್ಲಿ ಈ ಔಷಧಿಗೆ ಗಡ್ಡೆ ಚಿಕ್ಕದಾಗೋದು ನೂರಕ್ಕೆ 10ರಿಂದ 20 ಜನಕ್ಕೆ ಮಾತ್ರ, ಇದನ್ನ ಡಾಕ್ಟ್ರು ಮಗನಿಗೂ ಅಮ್ಮನಿಗೂ ಒಟ್ಟಿಗೆ ಕೂರಿಸಿ ಮುಚ್ಚುಮರೆ ಇಲ್ಲದೆ ಹೇಳಿದ್ರು, ಹಂಗಾಗಿ ನಿಂತಿದೆ ಅನ್ನೋದನ್ನೂ ಅವರು ಸಮಾಧಾನದಿಂದ ತಗೊಂಡ್ರು. ಕೈಕಾಲು ಗ್ರೇಡ್ 1ರಲ್ಲಿದೆ, ಎಕೋ ನಾರ್ಮಲ್, 45 ಮಿಲಿಗ್ರಾಂ ಮುಂದುವರಿದಿದೆ. ಡೇಕೇರ್‌ನಲ್ಲಿ ಈಗ ಈ ಔಷಧಿಯವರಿಗೆ ಕನ್ನಡ ಹಾಳೆ ಕೊಡ್ತಿದೀವಿ, ಕುಯ್ಲು, ಹಂಡೆ ನೀರು, ರೊಟ್ಟಿ ತಟ್ಟೋದು ಅಂತ ಹೆಸರಿಟ್ಟೇ ಬರೆದಿದೆ, ಎರಡನೇ ಡೋಸಿನ ಹತ್ತನೇ ದಿನಕ್ಕೆ ನಾವೇ ಫೋನ್ ಮಾಡಿ ಅಂಗೈ ಹೆಂಗಿದೆ ಅಂತ ಕೇಳ್ತೀವಿ.